ಸಿ1 ಅಡ್ವಾನ್ಸ್ಡ್ ಪರೀಕ್ಷೆಗೆ ಐನೂರು ಇಡಿಯಮ್ (ನುಡಿಗಟ್ಟು) ಬಾಯಿಪಾಠ ಮಾಡ್ಲೇಬೇಕಾ? ನಾಲ್ಕು ಅಂಕಕ್ಕೆ ತಪ್ಪಿಸಿಕೊಂಡವಳ ಪ್ರಶ್ನೆ

ಕುಕ್ಕರಹಳ್ಳಿ ವಾಕರ್:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಶಾಲೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀನಿ. ಹೇಳ್ಕೊಳ್ಳೋಕೆ ನಾಚಿಕೆ, ಆದ್ರೂ ಹೇಳ್ತೀನಿ: ಕೇಂಬ್ರಿಡ್ಜ್‌ನವರ ಇಂಗ್ಲಿಷ್ ಪರೀಕ್ಷೆ ಸಿ1 ಅಡ್ವಾನ್ಸ್ಡ್ ಬರೆದೆ, 176 ಬಂತು. ಸಿ1 ಅನ್ನಿಸಿಕೊಳ್ಳೋಕೆ 180 ಬೇಕು. ಕೈಗೆ ಬಂದ ಪ್ರಮಾಣಪತ್ರದಲ್ಲಿ ಬಿ2 ಅಂತಿದೆ, ಅಂದ್ರೆ ಒಂದು ಮೆಟ್ಟಿಲು ಕೆಳಗಿನ ಮಟ್ಟ. ಸ್ಟಾಫ್ ರೂಮಿನಲ್ಲಿ ಯಾರಿಗೂ ತೋರಿಸಿಲ್ಲ.

ಅಂಕ ಹೀಗಿದೆ. ರೀಡಿಂಗ್ 184, ಲಿಸನಿಂಗ್ 182, ಸ್ಪೀಕಿಂಗ್ 181, ರೈಟಿಂಗ್ 173, ಯೂಸ್ ಆಫ್ ಇಂಗ್ಲಿಷ್ (ವ್ಯಾಕರಣ, ಪದಬಳಕೆಯ ಭಾಗ) 160.

ಈ ಸಲ ಒಂದು ಕೋಚಿಂಗ್ ಸೇರಿದ್ದೀನಿ. ಅಲ್ಲಿ ಮೊದಲ ದಿನವೇ ನಲವತ್ತು ಪುಟದ ಜೆರಾಕ್ಸ್ ಕೊಟ್ಟು "ಇದರಲ್ಲಿ ಐನೂರು ಇಡಿಯಮ್ ಇವೆ, ಬಾಯಿಪಾಠ ಆಗ್ಬೇಕು, ಒಂದೊಂದು ಎಸ್ಸೆಗೆ ಐದಾದ್ರೂ ತುರುಕಬೇಕು" ಅಂದ್ರು. ಬೆಳಿಗ್ಗೆ ಕೆರೆ ಸುತ್ತ ನಡೀತಾ ಹೇಳ್ಕೊಳ್ತೀನಿ. ನೂರಾ ನಲವತ್ತರವರೆಗೆ ಬಂದಿದ್ದೀನಿ. ನೂರಾ ನಲವತ್ತೊಂದನೆಯದು ಕಲಿಯುವಾಗ ಮೊದಲನೆಯದು ಮರೆತುಹೋಗ್ತಿದೆ. ಇದೇ ದಾರೀನಾ, ಬೇರೆ ಏನಾದ್ರೂ ಇದೆಯಾ? ಬರೆದು ಪಾಸಾದವರು ಹೇಳಿ ಪ್ಲೀಸ್.

ಬೈಟು ಕಾಫಿ:

ಮೇಡಂ, ಆ ಜೆರಾಕ್ಸನ್ನ ರದ್ದಿಗೆ ಹಾಕಿ. ನಾನು ಎರಡು ವರ್ಷದ ಹಿಂದೆ ಪಾಸಾದೆ, ಒಂದೇ ಒಂದು ಗಾದೆಮಾತು ಕೂಡ ಬಳಸಲಿಲ್ಲ.

ನಿಮ್ಮ ಅಂಕ ಕೂಡಿ ನೋಡಿದೆ: ಐದೂ ಸೇರಿ 880, ಭಾಗಿಸು ಐದು, 176. ಅಂದರೆ ಯೂಸ್ ಆಫ್ ಇಂಗ್ಲಿಷ್ ಒಂದೇ 160ರಿಂದ 180ಕ್ಕೆ ಬಂದರೆ ಬೇರೆ ಯಾವುದನ್ನೂ ಮುಟ್ಟದೆ ನೀವು ಸರಿಯಾಗಿ 180ಕ್ಕೆ ಬಂದು ನಿಲ್ತೀರಿ. ಹಾಗಾಗಿ ಕಾಯಿಲೆ ಎಲ್ಲಿದೆ ಅಂತ ಗೊತ್ತು, ಔಷಧ ಬೇರೆ ಕಡೆ ಹಚ್ತಿದ್ದಾರೆ ಅಷ್ಟೇ. ಆ ಭಾಗದಲ್ಲಿ ಯಾವ ಪ್ರಶ್ನೆಗಳು ಕೈಕೊಟ್ಟವು ಅಂತ ಹೇಳಿ, ಮುಂದಿನದು ಆಮೇಲೆ ನೋಡೋಣ.

ಹುಬ್ಬಳ್ಳಿಯಾಂವ:

ನಾ ಸ್ವಲ್ಪ ಉಲ್ಟಾ ಹೇಳ್ತೀನ್ರಿ, ಬೇಜಾರ್ ಮಾಡ್ಕೋಬ್ಯಾಡ್ರಿ. ನಂದು ಐಇಎಲ್‌ಟಿಎಸ್. ನಾ ಫುಲ್ ಟೆಂಪ್ಲೇಟ್ ಮ್ಯಾಲೇ ಹೋದಾಂವ. "ಇನ್ ದಿಸ್ ಮಾಡರ್ನ್ ಎರಾ" ಅಂತ ಚಾಲೂ, ನಡುವ "ಎವ್ರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್", ಕೊನೀಗೆ "ಇನ್ ಎ ನಟ್‌ಶೆಲ್". ವಿಷಯ ಏನರ ಬರ್ಲಿ, ಗೋಡಿ ರೆಡಿ ಇರ್ತದ, ಬಣ್ಣ ಅಷ್ಟ ಹಚ್ಚೂದು. ರೈಟಿಂಗ್‌ನ್ಯಾಗ ಒಂಬತ್ತಕ್ಕ 6.5 ಬಂತು. ಬಾಯಿಪಾಠ ಮಾಡೂದ್ರಾಗ ತಪ್ಪೇನೈತಿ? ನಾವು ಮಗ್ಗಿ ಬಾಯಿಪಾಠ ಮಾಡ್ಲಿಲ್ಲೇನು?

ಪಿಂಚಣಿ ಮೇಷ್ಟ್ರು:

ನಿವೃತ್ತ ಇಂಗ್ಲಿಷ್ ಉಪನ್ಯಾಸಕ ನಾನು. ಇಂಥ ಪ್ರಶ್ನೆ ಕಂಡರೆ ಕೈ ಸುಮ್ಮನಿರುವುದಿಲ್ಲ, ಉದ್ದವಾದರೆ ಕ್ಷಮಿಸಿ.

ಇಂಗ್ಲಿಷ್ ಆಮೇಲೆ, ಮೊದಲು ಕನ್ನಡದಿಂದಲೇ ಶುರುಮಾಡೋಣ. ಸೀರೆ ಉಡುತ್ತೇವೆ. ಅಂಗಿ ತೊಡುತ್ತೇವೆ. ಹೂ ಮುಡಿಯುತ್ತೇವೆ. ಚಪ್ಪಲಿ ಮೆಟ್ಟುತ್ತೇವೆ. ಪೇಟ ಸುತ್ತುತ್ತೇವೆ. ಕುಂಕುಮ ಇಡುತ್ತೇವೆ. ಕನ್ನಡಕ ಹಾಕಿಕೊಳ್ಳುತ್ತೇವೆ. ಇಂಗ್ಲಿಷಿನವರು ಇವೆಲ್ಲಕ್ಕೂ "ವೇರ್" ಎನ್ನುವ ಒಂದೇ ಮಾತಿನಲ್ಲಿ ಕೆಲಸ ಮುಗಿಸುತ್ತಾರೆ. ಈಗ ಕನ್ನಡ ಕಲಿಯಲು ಬಂದ ಒಬ್ಬ ಹೊರದೇಶದವರು "ನಿನ್ನೆ ಮದುವೆಗೆ ಹೂ ಉಟ್ಟುಕೊಂಡು ಹೋದೆ" ಅಂದರು ಅಂತಿಟ್ಟುಕೊಳ್ಳಿ. ವ್ಯಾಕರಣದಲ್ಲಿ ದೋಷವಿಲ್ಲ. ಅರ್ಥವೂ ಆಗುತ್ತದೆ. ಆದರೂ ನಗು ಬರುತ್ತದೆ, ಅಲ್ಲವೇ? ನಮ್ಮ ಇಂಗ್ಲಿಷ್ ಎಸ್ಸೆ ಓದುವ ಪರೀಕ್ಷಕರಿಗೂ ಆಗುವುದು ಅದೇ. ವ್ಯಾಕರಣ ಸರಿ, ಅರ್ಥ ಸರಿ, ಆದರೆ ನಾವು ಹೂ ಉಟ್ಟುಕೊಂಡು ನಿಂತಿರುತ್ತೇವೆ.

ಕಡು ಬಡತನ ಅನ್ನುತ್ತೇವೆ, ಕಟ್ಟಾ ಅಭಿಮಾನಿ ಅನ್ನುತ್ತೇವೆ, ಕಗ್ಗತ್ತಲು ಅನ್ನುತ್ತೇವೆ. ಅಭಿಮಾನಿ ಯಾಕೆ "ಕಡು" ಆಗಬಾರದು? ಕಾರಣ ಇಲ್ಲ. ರೂಢಿ. ಇಂಗ್ಲಿಷಿನಲ್ಲೂ ಬಡತನ "ಅಬ್ಜೆಕ್ಟ್", ಬೆಂಬಲಿಗ "ಸ್ಟಾಂಚ್", ಕತ್ತಲು "ಪಿಚ್ ಡಾರ್ಕ್". ಈ ಜೋಡಿಗಳಿಗೆ ಕಾಲೊಕೇಶನ್ ಅನ್ನುತ್ತಾರೆ. ಜೆ. ಆರ್. ಫರ್ತ್ ಎಂಬ ಭಾಷಾವಿಜ್ಞಾನಿ, 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, 1957ರಲ್ಲಿ ಬರೆದ ಮಾತಿನ ತಾತ್ಪರ್ಯ ಇಷ್ಟು: ಒಂದು ಪದ ಏನೆಂದು ತಿಳಿಯಬೇಕಾದರೆ ಅದು ಯಾರ ಸಹವಾಸದಲ್ಲಿದೆ ನೋಡಿ. ನಮ್ಮಜ್ಜಿ ಹುಡುಗರ ಬಗ್ಗೆ ಹೇಳುತ್ತಿದ್ದುದೂ ಇದನ್ನೇ.

ಕನ್ನಡದವರಿಗೆ ಇದರಲ್ಲಿ ಒಂದು ಖಾಸಾ ಗುಂಡಿ ಇದೆ. ನಮ್ಮಲ್ಲಿ ಮಳೆಯೂ ಜೋರು, ಗಾಳಿಯೂ ಜೋರು. ಇಂಗ್ಲಿಷಿನಲ್ಲಿ ಮಳೆ "ಹೆವಿ", ಗಾಳಿ "ಸ್ಟ್ರಾಂಗ್". ನನ್ನ ಮೂವತ್ತು ಚಿಲ್ಲರೆ ವರ್ಷದ ಪಾಠದಲ್ಲಿ "ಸ್ಟ್ರಾಂಗ್ ರೇನ್" ಮತ್ತು "ಹೆವಿ ವಿಂಡ್" ಎಷ್ಟು ಸಲ ಕೆಂಪು ಶಾಯಿಯಲ್ಲಿ ತಿದ್ದಿದ್ದೇನೋ ಲೆಕ್ಕವಿಲ್ಲ. ತಪ್ಪು ಮಾಡುತ್ತೇವೆ ಎಂದು "ಡೂ ಎ ಮಿಸ್ಟೇಕ್" ಬರೆಯುತ್ತೇವೆ, ಅವರಿಗೆ ಅದು "ಮೇಕ್". ಐದು ವರ್ಷದಿಂದ ಅನ್ನುವ "ಇಂದ" ಕೈಹಿಡಿದು ಎಳೆದುಕೊಂಡು ಹೋಗಿ "ಫ್ರಮ್ ಫೈವ್ ಇಯರ್ಸ್" ಎಂದು ಬರೆಸುತ್ತದೆ, ಅಲ್ಲಿ ಬೇಕಾದದ್ದು "ಫಾರ್".

ಹುಬ್ಬಳ್ಳಿಯವರೇ, ಮಗ್ಗಿಯ ಮಾತು ಚೆನ್ನಾಗಿದೆ. ಆದರೆ ಎರಡೆರಡ್ಲಿ ನಾಲ್ಕು ಎಲ್ಲಿ ಹೋದರೂ ನಾಲ್ಕೇ. "ಎವ್ರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್" ಹಾಗಲ್ಲ.

ಬಜ್ಪೆ ಟು ಬರ್ಮಿಂಗ್‌ಹ್ಯಾಮ್:

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸತ್ಯ ಮಾರಾಯ್ರೆ. ನಾನು ನರ್ಸ್. ಮಂಗಳೂರಲ್ಲಿ ಕಲಿತದ್ದು, ಈಗ ಇಲ್ಲಿ ವೃದ್ಧರ ವಾರ್ಡಿನಲ್ಲಿ ಕೆಲಸ. ನಾನು ಬರೆದದ್ದು ಓಇಟಿ, ಆಸ್ಪತ್ರೆಯವರಿಗೇ ಅಂತ ಇರುವ ಪರೀಕ್ಷೆ. ಅದರಲ್ಲಿ ಒಂದು ಪತ್ರ ಬರೆಯಲಿಕ್ಕುಂಟು, ನಲವತ್ತೈದು ನಿಮಿಷ, ಅದರಲ್ಲಿ ಮೊದಲ ಐದು ನಿಮಿಷ ಕೇಸ್ ನೋಟ್ಸ್ ಓದಲಿಕ್ಕೆ ಮಾತ್ರ. ಅಲ್ಲಿ ಇಡಿಯಮ್ಮೂ ಇಲ್ಲ ಎಂತದೂ ಇಲ್ಲ. ಬೇಕಾದ್ದು "ಪ್ರೆಸೆಂಟೆಡ್ ವಿತ್ ಚೆಸ್ಟ್ ಪೇನ್", "ಕಂಪ್ಲೇನ್ಡ್ ಆಫ್ ನಾಸಿಯಾ", "ಈಸ್ ಬೀಯಿಂಗ್ ಡಿಸ್ಚಾರ್ಜ್ಡ್ ಇನ್‌ಟು ಯುವರ್ ಕೇರ್". ಇಂಥ ಒಂದು ಮೂವತ್ತು ನಲವತ್ತು ಇದ್ದರೆ ಯಾವ ರೋಗಿ ಬಂದರೂ ಪತ್ರ ನಿಲ್ಲುತ್ತದೆ. ನಾನು ಮೊದಲು ಬರೆಯುತ್ತಿದ್ದದ್ದು "ಪೇಷಂಟ್ ಈಸ್ ಹ್ಯಾವಿಂಗ್ ಪೇನ್ ಫ್ರಮ್ ಟೂ ಡೇಸ್". ಎರಡು ದಿನದಿಂದ ನೋವುಂಟು, ಅಷ್ಟೇ ಅಲ್ವಾ! ಟೀಚರ್ ಅದನ್ನು ಹೊಡೆದು ಹಾಕಿ "ಹ್ಯಾಸ್ ಹ್ಯಾಡ್ ಪೇನ್ ಫಾರ್ ಟೂ ಡೇಸ್" ಬರೆದರು.

ಇಡಿಯಮ್ಮಿನ ಕತೆ ಪರೀಕ್ಷೆ ಮುಗಿದ ಮೇಲೆ ಶುರುವಾಯಿತು. ಇಲ್ಲಿಗೆ ಬಂದ ಎರಡನೇ ವಾರ, ತೊಂಬತ್ತರ ಹತ್ತಿರದ ಒಬ್ಬರು ಅಜ್ಜಿ ನನ್ನ ಕೈ ಹಿಡಿದು ಮೆಲ್ಲ "ಡಿಯರ್, ಐ ನೀಡ್ ಟು ಸ್ಪೆಂಡ್ ಎ ಪೆನ್ನಿ" ಅಂದ್ರು. ಪಾಪ, ಏನೋ ತೆಗೊಳ್ಳಲಿಕ್ಕೆ ಚಿಲ್ಲರೆ ಬೇಕಾಗಿರಬೇಕು ಅಂತ ನಾನು ಅವರ ಪರ್ಸ್ ಹುಡುಕಿದೆ. ಕಪಾಟಿನಲ್ಲಿ ನೋಡಿದೆ, ತಲೆದಿಂಬಿನ ಅಡಿಯಲ್ಲಿ ನೋಡಿದೆ. ಅಜ್ಜಿಯ ಮುಖ ಕೆಂಪಾಗ್ತಾ ಬಂತು. ಕಡೆಗೆ ಪಕ್ಕದ ಬೆಡ್ಡಿನವರು "ಶಿ ವಾಂಟ್ಸ್ ದ ಲೂ, ಲವ್!" ಅಂತ ಕೂಗಿದ್ರು. ಹಿಂದಿನ ಕಾಲದಲ್ಲಿ ಇಲ್ಲಿನ ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಒಂದು ಪೆನ್ನಿ ಹಾಕಿದರೆ ಮಾತ್ರ ಬೀಗ ತೆರೆಯುತ್ತಿತ್ತಂತೆ. ಆ ದಿನ ಅಜ್ಜಿಯ ಬೆಡ್‌ಶೀಟ್ ಬದಲಿಸಬೇಕಾಯಿತು. ಆ ಮಾತನ್ನು ನಾನು ಈ ಜನ್ಮದಲ್ಲಿ ಮರೆಯಲಿಕ್ಕಿಲ್ಲ. ನಿಮ್ಮ ಜೆರಾಕ್ಸಿನಲ್ಲಿ ಅದು ಉಂಟಾ? ನನಗೆ ಡೌಟು.

ಕುಕ್ಕರಹಳ್ಳಿ ವಾಕರ್:

ಅಯ್ಯೋ ಅಜ್ಜಿ! ನಕ್ಕೂ ನಕ್ಕೂ ಸಾಕಾಯ್ತು. (ಜೆರಾಕ್ಸಿನಲ್ಲಿ ಇಲ್ಲ. ನೋಡಿದೆ.)

ಬೈಟು ಅವರೇ, ಹಳೆಯ ಪ್ರಾಕ್ಟೀಸ್ ಪೇಪರ್ ತೆಗೆದು ನೋಡಿದೆ. ಪಾರ್ಟ್ 2, ಅಂದರೆ ಬಿಟ್ಟ ಸ್ಥಳ ತುಂಬುವುದರಲ್ಲಿ ಎಂಟಕ್ಕೆ ಮೂರು. ಪಾರ್ಟ್ 4, ಕೊಟ್ಟ ಪದ ಬಳಸಿ ವಾಕ್ಯ ಬದಲಿಸುವುದರಲ್ಲಿ ಹನ್ನೆರಡಕ್ಕೆ ನಾಲ್ಕು. ಪದರಚನೆಯ ಪಾರ್ಟ್ 3 ಪರವಾಗಿಲ್ಲ, ಆರು ಬಂದಿದೆ. ನನ್ನ ತಪ್ಪುಗಳಲ್ಲಿ ನಾಲ್ಕನ್ನ ಇಲ್ಲಿ ಹಾಕ್ತೀನಿ, ನಗಬೇಡಿ.

ಒಂದು. ವಾಕ್ಯ: "ಇಟ್ಸ್ ವೆರಿ ಅನ್‌ಲೈಕ್ಲಿ ದಟ್ ದ ಮೀಟಿಂಗ್ ವಿಲ್ ಬಿ ಕ್ಯಾನ್ಸಲ್ಡ್." ಕೊಟ್ಟ ಪದ "ಲೈಕ್ಲಿಹುಡ್". "ದೇರ್ ____ ಬೀಯಿಂಗ್ ಕ್ಯಾನ್ಸಲ್ಡ್" ಅಂತ ಮುಗಿಯಬೇಕು. ನಾನು ಬರೆದದ್ದು "ಈಸ್ ಲೆಸ್ ಲೈಕ್ಲಿಹುಡ್ ಫಾರ್ ದ ಮೀಟಿಂಗ್".

ಎರಡು. ಕೊಟ್ಟ ಪದ "ಅಕರ್ಡ್", ಹೊಳೆಯಿತು ಅನ್ನೋ ಅರ್ಥದ್ದು. ನನ್ನದು "ಹ್ಯಾಸ್ ನೆವರ್ ಅಕರ್ಡ್ ಫಾರ್ ಮಿ".

ಮೂರು. ಕೊಟ್ಟ ಪದ "ಕೋಪ್", ಅಂದ್ರೆ ನಿಭಾಯಿಸೋದು. ನನ್ನದು "ಕೋಪ್ ಅಪ್ ವಿತ್".

ನಾಲ್ಕನೆಯದು ಪಾರ್ಟ್ 2ರದ್ದು: "ಹಿ ಕಾಂಟ್ ಬಾಯಿಲ್ ಆನ್ ಎಗ್, ಲೆಟ್ ____ ಕುಕ್ ಎ ಮೀಲ್." ನಾನು ತುಂಬಿದ್ದು "ಹಿಮ್". ಮೊಟ್ಟೆ ಬೇಯಿಸೋಕೆ ಬರಲ್ಲ, ಅಡುಗೆ ಮಾಡಲಿ ಬಿಡಿ ಪಾಪ, ಅಂತ.

ಬೈಟು ಕಾಫಿ:

"ಲೆಟ್ ಹಿಮ್ ಕುಕ್" 😂 ಕ್ಷಮಿಸಿ ಮೇಡಂ, ತಡೆಯೋಕಾಗ್ಲಿಲ್ಲ.

ಈಗ ಲೆಕ್ಕ ನೋಡಿ. ಯೂಸ್ ಆಫ್ ಇಂಗ್ಲಿಷ್‌ನ ಅಂಕಕ್ಕೆ ಲೆಕ್ಕ ಹಿಡಿಯೋದು ಪಾರ್ಟ್ 2, 3, 4 ಮಾತ್ರ. ಮೊದಲೆರಡಕ್ಕೆ ಎಂಟೆಂಟು, ಪಾರ್ಟ್ 4ರ ಆರು ಪ್ರಶ್ನೆಗೆ ತಲಾ ಎರಡರಂತೆ ಹನ್ನೆರಡು, ಒಟ್ಟು 28. (ಪಾರ್ಟ್ 1 ಅದೇ ಪೇಪರಿನಲ್ಲಿದ್ದರೂ ಅಂಕ ರೀಡಿಂಗಿನ ಖಾತೆಗೆ ಹೋಗುತ್ತೆ.) ನಿಮಗೆ ಬಂದಿರೋದು 13. ಹೋದ ಹದಿನೈದರಲ್ಲಿ ಹದಿಮೂರು ಪಾರ್ಟ್ 2 ಮತ್ತು 4ರಲ್ಲೇ ಹೋಗಿದೆ. ಮತ್ತೆ ಎಲ್ಲಿ ಹೋಗಿದೆ ಗಮನಿಸಿ: ಫಾರ್, ಅಪ್, ಟು, ಅಲೋನ್. ಒಂದೂ ದೊಡ್ಡ ಪದ ಅಲ್ಲ. ಇಡೀ ನಲವತ್ತು ಪುಟದ ಜೆರಾಕ್ಸ್ ನಿಮಗೆ ಈ ನಾಲ್ಕು ಚೂರು ಪದ ಕೊಡಲ್ಲ.

ಪಿಂಚಣಿ ಮೇಷ್ಟ್ರು:

ನಾಲ್ಕನ್ನೂ ಒಂದೊಂದಾಗಿ ನೋಡೋಣ, ಇವು ಒಳ್ಳೆಯ ತಪ್ಪುಗಳು.

ಮೊದಲನೆಯದಕ್ಕೆ ಉತ್ತರ "ಈಸ್ ಲಿಟ್ಲ್ ಲೈಕ್ಲಿಹುಡ್ ಆಫ್ ದ ಮೀಟಿಂಗ್". ಎಣಿಸಿ, ಆರು ಪದ. ಸಿ1ರಲ್ಲಿ ಮೂರರಿಂದ ಆರು ಪದದೊಳಗೆ ಬರೆಯಬೇಕು, ಕೊಟ್ಟ ಪದವನ್ನು ಒಂದು ಅಕ್ಷರವೂ ಬದಲಿಸಬಾರದು. ನೀವು "ಲೆಸ್" ಬರೆದದ್ದು ಕನ್ನಡದ "ಕಡಿಮೆ"ಯಿಂದ ಬಂತು. ರದ್ದಾಗುವ ಸಾಧ್ಯತೆ ಕಡಿಮೆ ಅನ್ನುತ್ತೇವಲ್ಲ, ಅದು. ಇಂಗ್ಲಿಷಿನ "ಲೆಸ್" ಬಂದರೆ ಯಾವುದಕ್ಕಿಂತ ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ. "ಲಿಟ್ಲ್" ಅಂದರೆ ಇಲ್ಲವೆನ್ನುವಷ್ಟು. "ಲೈಕ್ಲಿಹುಡ್" ಕೈಹಿಡಿಯುವುದು "ಆಫ್" ಅನ್ನು. ಉತ್ತರವನ್ನು ಎರಡು ತುಂಡು ಮಾಡಿ ತುಂಡಿಗೊಂದು ಅಂಕ ಕೊಡುತ್ತಾರೆ. ನಿಮ್ಮ ಎರಡು ತಪ್ಪು ಎರಡು ತುಂಡಿನಲ್ಲೂ ಒಂದೊಂದು ಕೂತಿವೆ, ಹಾಗಾಗಿ ಸೊನ್ನೆ.

ಎರಡನೆಯದು "ಅಕರ್ಡ್ ಟು ಮಿ". ಇಲ್ಲಿ ಕನ್ನಡ ನಿಮ್ಮ ಕಡೆಗೇ ಇತ್ತು, ನೀವು ಕೇಳಲಿಲ್ಲ. ನನಗೆ ಹೊಳೆಯಲೇ ಇಲ್ಲ ಅನ್ನುತ್ತೇವೆ. ನನಗೆ. ಹೊಳೆದದ್ದು ವಿಷಯ, ನಾನು ಬರೀ ಹೊಳೆಸಿಕೊಂಡವನು. ಇಂಗ್ಲಿಷಿನ "ಇಟ್ ನೆವರ್ ಅಕರ್ಡ್ ಟು ಮಿ" ಕೂಡ ಅದೇ ಅಚ್ಚು. ಇದನ್ನು ಒಮ್ಮೆ "ನನಗೆ ಹೊಳೆಯಲಿಲ್ಲ"ದ ಪಕ್ಕದಲ್ಲಿ ಬರೆದಿಟ್ಟುಕೊಂಡರೆ "ಫಾರ್" ಹತ್ತಿರ ಸುಳಿಯುವುದಿಲ್ಲ.

ನಾಲ್ಕನೆಯದೂ ಹಾಗೆಯೇ. ಉತ್ತರ "ಅಲೋನ್". "ಲೆಟ್ ಅಲೋನ್" ಅಂದರೆ ಮೊಟ್ಟೆ ಬೇಯಿಸಲಿಕ್ಕೇ ಬರುವುದಿಲ್ಲ, ಅಡುಗೆ ಮಾತು ಅತ್ತಲಾಗಿರಲಿ. "ಲೆಟ್" ಎಂದರೆ "ಇರಲಿ", ಎಷ್ಟು ಹತ್ತಿರ ನೋಡಿ.

ಮೂರನೆಯದು, "ಕೋಪ್ ಅಪ್ ವಿತ್", ಇಡೀ ಭಾರತದ ಆಸ್ತಿ. ಅದಕ್ಕೆ ನೀವೊಬ್ಬರೇ ಹೊಣೆಯಲ್ಲ. "ಕೋಪ್ ವಿತ್" ಸಾಕು, "ಅಪ್" ತೆಗೆಯಿರಿ. ಹಾಗೆಯೇ "ಡಿಸ್ಕಸ್ ಅಬೌಟ್"ನಲ್ಲಿ "ಅಬೌಟ್" ಬೇಡ. ಅದರ "ಬಗ್ಗೆ" ಚರ್ಚಿಸಿದೆವು ಅನ್ನುವ ಕನ್ನಡ ಅಲ್ಲಿ ಇಣುಕುತ್ತಿದೆ. "ಲಾಸ್ಟ್ ಬಟ್ ನಾಟ್ ದ ಲೀಸ್ಟ್"ನಲ್ಲಿ "ದ" ಬೇಡ, "ಬೈ ಹುಕ್ ಆರ್ ಕ್ರೂಕ್"ನಲ್ಲಿ ಇನ್ನೊಂದು "ಬೈ" ಬೇಕು. ಮೈಕಿನ ಮುಂದೆ ನಿಂತವರೆಲ್ಲ ಇವನ್ನು ತಪ್ಪಾಗಿಯೇ ಹೇಳುವುದರಿಂದ ನಮ್ಮ ಕಿವಿಗೆ ಸರಿಯಾದದ್ದೇ ಸೊಟ್ಟ ಕೇಳಿಸುತ್ತದೆ.

ಗುಬ್ಬಿ ಗೇಟ್:

ಮಧ್ಯೆ ಬಾಯಿ ಹಾಕ್ತೀನಿ. ಇಡೀ ಭಾರತ ಒಂದು ರೀತಿ ಹೇಳ್ತಿದ್ರೆ ಅದು ಭಾರತದ ಇಂಗ್ಲಿಷ್. ಅದ್ಯಾಕೆ ತಪ್ಪು? "ಪ್ರಿಪೋನ್" ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. ಇನ್ನೂ ಎಷ್ಟು ದಿನ ಅವರ ಸಹವಾಸ, ಅವರ ರೂಢಿ?

ಪಿಂಚಣಿ ಮೇಷ್ಟ್ರು:

ನಿಮ್ಮ ಮಾತು ನನಗೆ ಒಪ್ಪಿಗೆ. "ಪ್ರಿಪೋನ್"ನಷ್ಟು ಚೊಕ್ಕ ಪದ ಅವರ ಹತ್ತಿರ ಇಲ್ಲ, ಅದೇ ಮಾತಿಗೆ ಅವರು "ಬ್ರಿಂಗ್ ಫಾರ್ವರ್ಡ್" ಎಂದು ಎರಡು ಪದ ಖರ್ಚು ಮಾಡಬೇಕು. ನಾನು ಮನೆಯಲ್ಲಿ ಧಾರಾಳವಾಗಿ ಬಳಸುತ್ತೇನೆ. ಆದರೆ ಪಾರ್ಟ್ 4ರ ಉತ್ತರದ ಕೀಲಿಯಲ್ಲಿ "ಕೋಪ್ ಅಪ್ ವಿತ್" ಇರುವುದಿಲ್ಲವಲ್ಲ. ಫೀಸು ಕಟ್ಟಿ ಕೂತಾಗ ಅವರ ಅಳತೆಗೋಲು, ಎದ್ದು ಬಂದ ಮೇಲೆ ನಮ್ಮದು.

ಬಜ್ಪೆ ಟು ಬರ್ಮಿಂಗ್‌ಹ್ಯಾಮ್:

ಗುಬ್ಬಿಯವರೇ, ನಾನು ಇಲ್ಲಿ ಬಂದ ಹೊಸತರಲ್ಲಿ "ಐ ಪಾಸ್ಡ್ ಔಟ್ ಇನ್ 2016" ಅಂದೆ. ಎದುರಿದ್ದ ಸಿಸ್ಟರ್ ಗಾಬರಿಯಾಗಿ "ವಾಟ್ ಹ್ಯಾಪನ್ಡ್?" ಕೇಳಿದ್ರು. ಇಲ್ಲಿ ಅದು ಪ್ರಜ್ಞೆ ತಪ್ಪಿ ಬೀಳುವುದು! ಆಸ್ಪತ್ರೆಯಲ್ಲಿ ಅದನ್ನು ಬೇಕಾಬಿಟ್ಟಿ ಹೇಳುವ ಹಾಗಿಲ್ಲ. ನಮ್ಮದು ತಪ್ಪು ಅಂತ ಅಲ್ಲ, ಎದುರಿನವರಿಗೆ ಬೇರೆಯೇ ಅರ್ಥ ಹೋಗ್ತದೆ.

ಕುಕ್ಕರಹಳ್ಳಿ ವಾಕರ್:

ಮೇಷ್ಟ್ರೇ, ನಿಮ್ಮ ಪಾಠ ನನ್ನ ಮಕ್ಕಳಿಗೂ ಕದ್ದು ಹೇಳ್ತೀನಿ, ಅನುಮತಿ ಕೊಡಿ. ಈಗ ಅಸಲು ಪ್ರಶ್ನೆ: ಈ ಸಣ್ಣ ಸಣ್ಣ ಜೋಡಿಗಳು ಸಾವಿರಾರು ಇರ್ತಾವಲ್ಲ. ಎಲ್ಲಿಂದ ಹಿಡಿಯೋದು, ಹೇಗೆ ನೆನಪಿಟ್ಕೊಳ್ಳೋದು?

ಬೈಟು ಕಾಫಿ:

ನಾನು ಮಾಡಿದ್ದು ಹೇಳ್ತೀನಿ. ಇದೇ ಸರಿ ಅಂತಲ್ಲ.

ಮಗಳ ನಾಲ್ಕುಗೆರೆಯ ಪುಸ್ತಕ ಒಂದು ಅರ್ಧ ಖಾಲಿ ಬಿದ್ದಿತ್ತು. ದಿನಾ ಮೆಟ್ರೋದಲ್ಲಿ ಬ್ರಿಟಿಷ್ ಪತ್ರಿಕೆಯ ಒಂದು ಅಂಕಣ ಓದ್ತಿದ್ದೆ, ಬೈಯಪ್ಪನಹಳ್ಳಿಯಿಂದ ಮೆಜೆಸ್ಟಿಕ್ ತನಕ. ಅರ್ಥ ಆಗದ ಪದಗಳನ್ನು ಬಿಟ್ಟುಬಿಡ್ತಿದ್ದೆ. ಅರ್ಥ ಆಗುತ್ತೆ, ಆದ್ರೆ ನಾನಾಗಿದ್ರೆ ಹೀಗೆ ಬರೀತಿರಲಿಲ್ಲ ಅನ್ನಿಸೋ ತುಂಡು ಮಾತ್ರ ಗುರುತು ಹಾಕ್ಕೊಳ್ತಿದ್ದೆ. ದಿನಕ್ಕೆ ಮೂರು. ನಾಲ್ಕನೆಯದು ಎಷ್ಟೇ ಚಂದ ಇದ್ರೂ ಬೇಡ.

ರಾತ್ರಿ ಎಡಪುಟದಲ್ಲಿ ಆ ವಾಕ್ಯ ಬರೆದು ಸಣ್ಣ ಪದದ ಜಾಗ ಖಾಲಿ ಬಿಡೋದು. ಉದಾಹರಣೆಗೆ "ಇನ್ ದ ವೇಕ್ ___ ದ ಫ್ಲಡ್ಸ್". ಬಲಪುಟದಲ್ಲಿ ಅದೇ ತುಂಡು ಬಳಸಿ ನನ್ನ ಬಾಳಿನ ಒಂದು ವಾಕ್ಯ. ಇದು ಮುಖ್ಯ. "ಟೇಕ್ ಫಾರ್ ಗ್ರಾಂಟೆಡ್" ಬಂದ ದಿನ ನಾನು ಬರೆದದ್ದು, ಅಮ್ಮ ಇರೋವರೆಗೂ ಬೆಳಗಿನ ಫಿಲ್ಟರ್ ಕಾಫಿಯನ್ನ ಟೇಕ್ ಫಾರ್ ಗ್ರಾಂಟೆಡ್ ಮಾಡಿದ್ದೆ ಅಂತ, ಪೂರ್ತಿ ಇಂಗ್ಲಿಷಿನಲ್ಲಿ. ಬರೆದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ ತುಂಡು ಮತ್ತೆ ಮರೆತಿಲ್ಲ.

ಆಮೇಲೆ ಬಲಪುಟ ಮುಚ್ಚಿ ಎಡಪುಟದ ಖಾಲಿ ಜಾಗ ತುಂಬೋದು. ಮಾರನೇ ದಿನ ಒಮ್ಮೆ, ನಾಲ್ಕನೇ ದಿನ ಒಮ್ಮೆ, ಹತ್ತು ಹನ್ನೆರಡು ದಿನಕ್ಕೆ ಒಮ್ಮೆ, ತಿಂಗಳಿಗೆ ಒಮ್ಮೆ. ತಪ್ಪಿದ್ದು ಮತ್ತೆ ಮೊದಲಿಂದ. ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಪುಣ್ಯಾತ್ಮ 1885ರಲ್ಲೇ ಅರ್ಥವಿಲ್ಲದ ಅಕ್ಷರ ಜೋಡಿಗಳನ್ನ ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆತುಹೋಗುತ್ತೆ ಅಂತ ಅಳೆದಿದ್ದ. ಅರ್ಥ ಇಲ್ಲದ್ದು ಬೇಗ ಉದುರುತ್ತೆ, ಬಿಟ್ಟು ಬಿಟ್ಟು ಓದಿದ್ದು ಉಳಿಯುತ್ತೆ. ಫೋನಿನಲ್ಲಿ ಆಂಕಿ ಅನ್ನೋ ಆ್ಯಪ್ ಇದೇ ಲೆಕ್ಕ ತಾನೇ ಇಡುತ್ತೆ, ಬೇಕಾದ್ರೆ ಬಳಸಿ. ನನಗೆ ಪೆನ್ನೇ ಸರಿ.

ಐದು ತಿಂಗಳಲ್ಲಿ ಸುಮಾರು ನಾನ್ನೂರು ತುಂಡು ಆಯ್ತು. ನಿಮ್ಮ ಜೆರಾಕ್ಸಿಗಿಂತ ಕಡಿಮೆಯೇ.

ಹುಬ್ಬಳ್ಳಿಯಾಂವ:

ಇದನ್ನೆಲ್ಲಾ ಓದಿ ಒಂದ್ ಮಾತ್ ಒಪ್ಕೋಬೇಕ್ರಿ. ಮ್ಯಾಲೆ ನಾ 6.5 ಅಂತ ಹೇಳಿದ್ನಲ್ಲ, ಅದು ಒಂದ್ ಸಲ ಅಲ್ಲ. ಮೂರ್ ಸಲ. ಮೂರೂ ಸಲ 6.5. ನಂಗ ಬೇಕಾಗಿದ್ದು 7. ಟೆಂಪ್ಲೇಟ್ ಬದ್ಲಿ ಮಾಡಿದೆ, ಕೋಚಿಂಗ್ ಬದ್ಲಿ ಮಾಡಿದೆ, ಪೆನ್ನೂ ಬದ್ಲಿ ಮಾಡಿದೆ.

ಪಿಂಚಣಿ ಮೇಷ್ಟ್ರು:

ಪೆನ್ನಿನದೇನೂ ತಪ್ಪಿಲ್ಲ ಬಿಡಿ.

ಐಇಎಲ್‌ಟಿಎಸ್‌ನವರು ಯಾವ ಬ್ಯಾಂಡಿಗೆ, ಅಂದರೆ ಯಾವ ಅಂಕದ ಮಟ್ಟಕ್ಕೆ, ಏನು ನೋಡುತ್ತೇವೆ ಎಂದು ಮುಚ್ಚಿಟ್ಟಿಲ್ಲ, ಪ್ರಕಟಿಸಿದ್ದಾರೆ. ರೈಟಿಂಗಿಗೆ ನಾಲ್ಕು ಮಾನದಂಡ, ನಾಲ್ಕಕ್ಕೂ ಸಮ ತೂಕ. ಪದಸಂಪತ್ತಿನ ಕೆಳಗೆ 7ನೇ ಬ್ಯಾಂಡಿನಲ್ಲಿ ಕಾಲೊಕೇಶನ್ ಎಂಬ ಮಾತನ್ನೇ ಹೆಸರು ಹಿಡಿದು ಹಾಕಿದ್ದಾರೆ. ಅಷ್ಟು ಸಾಮಾನ್ಯವಲ್ಲದ ಪದಗಳನ್ನು ಶೈಲಿಯ, ಜೋಡಿಯ ಅರಿವಿಟ್ಟುಕೊಂಡು ಬಳಸಬೇಕು ಅನ್ನುವುದು ಅದರ ಸಾರ. ಇನ್ನು ವಾಕ್ಯಗಳ ಜೋಡಣೆಯ ವಿಷಯದಲ್ಲಿ, 6ನೇ ಬ್ಯಾಂಡಿನಲ್ಲಿ ಜೋಡಣೆ ಯಾಂತ್ರಿಕ ಅನ್ನಿಸಬಹುದು ಎಂದಿದೆ. 9ನೇ ಬ್ಯಾಂಡಿಗೆ ಹೋದರೆ ಜೋಡಣೆ ಗಮನಕ್ಕೆ ಬರುವುದೇ ತೀರಾ ಅಪರೂಪ ಅನ್ನುವ ಹಾಗಿರಬೇಕು. "ಇನ್ ಎ ನಟ್‌ಶೆಲ್" ಗಮನಕ್ಕೆ ಬಾರದೆ ಇರುತ್ತದೆಯೇ? ದಿನಕ್ಕೆ ನೂರು ನಟ್‌ಶೆಲ್ ಒಡೆಯುವ ಪರೀಕ್ಷಕರ ಪಾಡು ನೆನೆಯಿರಿ.

ನಿಮ್ಮ ಟೆಂಪ್ಲೇಟು ಗೋಡೆ ಎಬ್ಬಿಸಿಕೊಟ್ಟಿತು, ಅದು ಸುಳ್ಳಲ್ಲ. ಅದರ ಸೂರು 6.5ಕ್ಕೇ ಇದೆ, ನಿಮ್ಮ ತಲೆ ಮೂರು ಸಲ ಅಲ್ಲಿಗೇ ತಾಗಿದೆ.

ಹುಬ್ಬಳ್ಳಿಯಾಂವ:

ಹೊಡದ್ರಿ ನೋಡ್ರಿ. ತೆಲಿ ಇನ್ನೂ ಉರೀಲಿಕ್ಕತ್ತೈತಿ.

ಅಂದ್ರ ಬಾಯಿಪಾಠ ಪೂರ್ತಿ ಬಿಡೂದು?

ಬೈಟು ಕಾಫಿ:

ಪೂರ್ತಿ ಬೇಡ ಗುರುಗಳೇ. ಇಡೀ ವಾಕ್ಯ ಬಾಯಿಪಾಠ ಬೇಡ, ತುಂಡು ಬಾಯಿಪಾಠ ಬೇಕು. "ಎವ್ರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್" ಒಂದು ಸಿದ್ಧ ವಾಕ್ಯ, ಅದು ಬಂದ್ರೆ ನಿಮ್ಮ ಮಾತಿಗೆ ಜಾಗ ಇಲ್ಲ. "ಬಿಯರ್ ದ ಬ್ರಂಟ್ ಆಫ್" ಒಂದು ತುಂಡು. ಮುಂದೆ ನೀವೇ ಏನಾದ್ರೂ ಹೇಳಲೇಬೇಕು: ಬರಗಾಲದ ಏಟು ತಿನ್ನೋರು ಸಣ್ಣ ರೈತರು, ಬೆಲೆ ಏರಿಕೆಯ ಏಟು ತಿನ್ನೋದು ಬಾಡಿಗೆ ಮನೆಯವರು.

ಇನ್ನೊಂದು, ಯಾವುದನ್ನ ಎಲ್ಲಿ ಅನ್ನೋದು. ಸಿ1 ರೈಟಿಂಗಲ್ಲಿ ಮೊದಲನೆಯದು ಎಸ್ಸೆ, ಕಡ್ಡಾಯ. ಎರಡನೆಯದಕ್ಕೆ ಪತ್ರ, ವರದಿ, ಪ್ರಸ್ತಾವ, ವಿಮರ್ಶೆ ಇಂಥವು ಬರ್ತವೆ, ಒಂದನ್ನ ಆರಿಸ್ಕೊಳ್ಳೋದು. ಎರಡೂ 220ರಿಂದ 260 ಪದ. ನಗರಸಭೆಗೆ ಬರೆಯೋ ಪ್ರಸ್ತಾವದಲ್ಲಿ "ಬಸ್ ಕಮ್ಸ್ ವನ್ಸ್ ಇನ್ ಎ ಬ್ಲೂ ಮೂನ್" (ಅಪರೂಪಕ್ಕೊಮ್ಮೆ ಬರುತ್ತೆ) ಅಂತ ಬರೆದ್ರೆ ಪಂಚೆ ಉಟ್ಕೊಂಡು ಈಜುಕೊಳಕ್ಕೆ ಇಳಿದ ಹಾಗೆ. ಗೆಳೆಯನಿಗೆ ಬರೆಯೋ ಪತ್ರದಲ್ಲಿ ಅದೇ ಮಾತು ಚೆನ್ನಾಗಿರುತ್ತೆ. ನಾನು ಪುಸ್ತಕದ ಅಂಚಿನಲ್ಲಿ ಒಂದು ಗುರುತು ಹಾಕ್ತಿದ್ದೆ, ಆಫೀಸಿನ ತುಂಡಿಗೆ ಟೈ, ಕಟ್ಟೆಯ ಮೇಲಿನ ತುಂಡಿಗೆ ಚಪ್ಪಲಿ. ಮಗಳಿಗೆ ಆ ಚಿತ್ರಗಳು ಬಹಳ ಇಷ್ಟ.

ಗುಬ್ಬಿ ಗೇಟ್:

ಟೈ ಮತ್ತು ಚಪ್ಪಲಿ ಐಡಿಯಾ ಸೂಪರ್. ಕನ್ನಡದ್ದೇ ಮಾತು ಸೀದಾ ಇಂಗ್ಲಿಷಿಗೆ ಹೋಗುವಂಥವೂ ಇವೆ ಅಲ್ವಾ? ಕಾಲೆಳೆಯೋದು, ಮೂಗು ತೂರಿಸೋದು, ಬೆನ್ನು ತಟ್ಟೋದು. ಅವನ್ನ ಧೈರ್ಯವಾಗಿ ಹಾಕಬಹುದಾ?

ಪಿಂಚಣಿ ಮೇಷ್ಟ್ರು:

ಆ ಮೂರೂ ನಡೆಯುತ್ತವೆ. ಆದರೆ "ಕೈ ಕೊಟ್ಟ" ಅನ್ನುವುದನ್ನು ಹಾಗೇ ದಾಟಿಸಿ ನೋಡಿ. "ಹಿ ಗೇವ್ ಮಿ ಎ ಹ್ಯಾಂಡ್" ಅಂದರೆ ಅವನು ನನಗೆ ನೆರವಾದ ಅಂತಾಗುತ್ತದೆ. ಮೋಸ ಮಾಡಿದವನಿಗೆ ಪುಕ್ಕಟೆ ಶಹಬ್ಬಾಸ್‌ಗಿರಿ. "ತಲೆ ತಿನ್ನಬೇಡ" ಎಂದು ಯಾರನ್ನಾದರೂ ಇಂಗ್ಲಿಷಿನಲ್ಲಿ ಬೈದರೆ ನರಭಕ್ಷಕನ ಕತೆಯಾಗುತ್ತದೆ. ಹೋಗುತ್ತದೆ ಅನ್ನಿಸಿದರೂ ಒಮ್ಮೆ ನಿಘಂಟು ತೆರೆದು ನೋಡಿ, ಅಲ್ಲಿನ ಉದಾಹರಣೆ ವಾಕ್ಯ ಓದಿ. ಈಗಿನ ನಿಘಂಟುಗಳ ಉದಾಹರಣೆಗಳು ಯಾರೋ ಕೂತು ಕಟ್ಟಿದವಲ್ಲ. 1980ರ ದಶಕದಲ್ಲಿ ನಮ್ಮ ಬಜ್ಪೆಯವರ ಊರು ಬರ್ಮಿಂಗ್‌ಹ್ಯಾಮಿನ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಮತ್ತವರ ಬಳಗ ಜನ ನಿಜವಾಗಿ ಬರೆದ, ಆಡಿದ ಮಾತುಗಳನ್ನು ಕಂಪ್ಯೂಟರಿಗೆ ತುಂಬಿ, ಅದರಿಂದ ಕಲಿಯುವವರ ನಿಘಂಟು ತೆಗೆದರು. ಅಷ್ಟು ಮಾತು ರಾಶಿ ಹಾಕಿ ನೋಡಿದಾಗ ಕಂಡದ್ದು, ಜನ ಪದ ಪದ ಹೆಕ್ಕಿ ಮಾತಾಡುವುದಕ್ಕಿಂತ ಹೆಚ್ಚಾಗಿ ಸಿದ್ಧ ತುಂಡುಗಳಲ್ಲೇ ಮಾತಾಡುತ್ತಾರೆ ಅನ್ನುವುದು.

ಕುಕ್ಕರಹಳ್ಳಿಯವರೇ, 176 ಬಂತೆಂದು ನಾಚಬೇಡಿ. ಕೇಂಬ್ರಿಡ್ಜ್‌ನವರು 1913ರಲ್ಲಿ ಮೊಟ್ಟಮೊದಲ ಸಲ ಪ್ರೊಫಿಷಿಯೆನ್ಸಿ ಎಂಬ ಇಂಗ್ಲಿಷ್ ಪರೀಕ್ಷೆ ಇಟ್ಟಾಗ ಬರೆದವರು ಮೂವರು. ಹನ್ನೆರಡು ಗಂಟೆಯ ಪರೀಕ್ಷೆ. ಮೂವರೂ ಫೇಲು.

ಕುಕ್ಕರಹಳ್ಳಿ ವಾಕರ್ (ಹತ್ತು ದಿನದ ನಂತರ):

ಮೂವರೂ ಫೇಲು ಅನ್ನೋದನ್ನ ಸ್ಟಾಫ್ ರೂಮಿನಲ್ಲಿ ಹೇಳಿ, ಅದರ ಜೊತೆಗೇ ನನ್ನ 176ನ್ನೂ ಹೇಳಿಬಿಟ್ಟೆ. ಹಗುರಾಯ್ತು.

ಜೆರಾಕ್ಸ್ ರದ್ದಿಗೆ ಹಾಕಿಲ್ಲ, ಹಿಂದಿನ ಖಾಲಿ ಪುಟಗಳಲ್ಲೇ ಎಡ ಬಲ ಗೆರೆ ಎಳೆದು ಬರೀತಿದ್ದೀನಿ. ದಿನಕ್ಕೆ ಮೂರು, ಮೂವತ್ತು ಆಗಿವೆ. ಇವತ್ತಿನದು ನಾನೇ ಕಟ್ಟಿದ ಪಾರ್ಟ್ 4 ಪ್ರಶ್ನೆ, ಕೊಟ್ಟ ಪದ "ಅಕೌಂಟ್". ಉತ್ತರ: "ಯು ಶುಡ್ ಟೇಕ್ ಇನ್‌ಟು ಅಕೌಂಟ್ ಆಫ್ ಹಿಸ್ ಏಜ್". ಸರಿ ಇದೆಯಾ ಮೇಷ್ಟ್ರೇ?

ಪಿಂಚಣಿ ಮೇಷ್ಟ್ರು:

ಎರಡು ಬಸ್ಸು ಒಟ್ಟಿಗೆ ಹತ್ತಿದ್ದೀರಿ. "ಟೇಕ್ ಹಿಸ್ ಏಜ್ ಇನ್‌ಟು ಅಕೌಂಟ್" ಒಂದು, "ಟೇಕ್ ಅಕೌಂಟ್ ಆಫ್ ಹಿಸ್ ಏಜ್" ಇನ್ನೊಂದು. "ಇನ್‌ಟು" ಬಂದರೆ "ಆಫ್" ಇಳಿಯಬೇಕು. ಎರಡನ್ನೂ ಬೇರೆ ಬೇರೆ ಗೆರೆಯಲ್ಲಿ ಬರೆಯಿರಿ.

ಹುಬ್ಬಳ್ಳಿಯಾಂವ:

ಅಯ್ಯ, ನಾನೂ ಮೂರೂ ಸಲ ಹಂಗ ಬರದೇನಿ! ಅಕ್ಕಾ, ನಿಮ್ಮ ಮೂವತ್ತೂ ಇಲ್ಲೇ ಹಾಕ್ರಿ. ನನ್ನ ಪುಸ್ತಕದಾಗ ಇನ್ನೂ ಹನ್ನೊಂದ ಅದಾವ, ಎಲ್ಲಾದ್ರ ಮುಂದೂ ಚಪ್ಪಲಿ ಚಿತ್ರ.

ಕುಕ್ಕರಹಳ್ಳಿ ವಾಕರ್:

ತಿದ್ದಿಕೊಂಡೆ ಮೇಷ್ಟ್ರೇ, ಎರಡು ಗೆರೆ. ಹುಬ್ಬಳ್ಳಿಯವರೇ, ರಾತ್ರಿ ಟೈಪ್ ಮಾಡಿ ಹಾಕ್ತೀನಿ. ಖಾಲಿ ಜಾಗದ ಸಮೇತ, ಉತ್ತರ ಇಲ್ಲದೆ.